ಐತಿ ಅಂತ ತಿಳಕೋ

ಯಂತ್ರದ ಹೆಸರು ಕೇಳಬಾರದು ಅನ್ನುವುದು ಪಾರಿಸನ ಹಟ. ಆ ಹಟ ಹುಟ್ಟಿದ್ದು ಕಾರ್ಖಾನೆಯ ಖರೀದಿ ಸಮಿತಿಯ ಪುಣ್ಯದಿಂದ. ಕೃಷ್ಣೆಯ ದಂಡೆಯ ಆ ಸಕ್ಕರೆ ಕಾರ್ಖಾನೆಗೆ ಎಂಬತ್ತಾರರಿಂದ ವರ್ಷಕ್ಕೊಂದು ಕಂಪ್ಯೂಟರು ಬರತೊಡಗಿತು. ಯಾವ ಕಂಪನಿಯವನು ಸಮಿತಿಯವರಿಗೆ ಚೆಂದದ ಡೈರಿ ತಂದುಕೊಟ್ಟನೋ ಆ ವರ್ಷ ಅವನದೇ ಯಂತ್ರ. ಹೀಗಾಗಿ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ನಾಲ್ಕು ಕಂಪನಿಯ ನಾಲ್ಕು ಯಂತ್ರ, ಒಂದರ ಮಾತು ಒಂದಕ್ಕೆ ತಿಳಿಯದು. ಒಂದು ಕಾರ್ಖಾನೆಯ ಆಫೀಸಿನಲ್ಲಿ, ಉಳಿದ ಮೂರು ಕಬ್ಬೂರ, ರಾಯಬಾಗ, ಚಿಕ್ಕೋಡಿಯ ಕಬ್ಬಿನ ಅಂಗಳಗಳಲ್ಲಿ, ವಜನಕಾಟಾದ ಪಕ್ಕದ ತಗಡಿನ ಖೋಲಿಗಳಲ್ಲಿ. ಕಬ್ಬಿನ ಚಕ್ಕಡಿ ಬಂದು ಕಾಟಾದ ಮೇಲೆ ನಿಂತರೆ ತೂಕ ಓದಿ ಚೀಟಿ ಹೊಡೆದು ಕೊಡುವುದು ಅವುಗಳ ಕೆಲಸ.

ಆ ಕೆಲಸದ ಪ್ರೋಗ್ರಾಮು ಒಂದೇ, ಬರೆದವನು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದ ಪಾರಿಸ. ಆದರೆ ಬರೆದದ್ದನ್ನು ಹಾಗೇ ಎತ್ತಿ ಇನ್ನೊಂದು ಯಂತ್ರದಲ್ಲಿಟ್ಟರೆ ನಡೆಯುವುದಿಲ್ಲ. ಪ್ರತಿ ಯಂತ್ರದಲ್ಲೂ ಅದಕ್ಕೆ ತಿಳಿಯುವಂತೆ ಹೊಸದಾಗಿ ಕಟ್ಟಬೇಕು. ಒಂದರಲ್ಲಿ ಗಡಿಯಾರ ಕೇಳುವ ರೀತಿ ಬೇರೆ, ಇನ್ನೊಂದರಲ್ಲಿ ಕಾಗದಕ್ಕೆ ಅಕ್ಷರ ಹೊಡೆಯುವ ರೀತಿ ಬೇರೆ, ಮತ್ತೊಂದರಲ್ಲಿ ಇಬ್ಬರು ಒಮ್ಮೆಗೇ ಒಂದು ಕಡತಕ್ಕೆ ಕೈಹಾಕದಂತೆ ಬೀಗ ಹಾಕುವ ಸೌಲಭ್ಯವೇ ಇಲ್ಲ. ಮೊದಮೊದಲು ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುಂಚೆ ಪಾರಿಸ ಪ್ರತಿ ಅಂಗಳಕ್ಕೂ ಬಸ್ಸಿನಲ್ಲಿ ಹೋಗಿ ಸಾಲು ಸಾಲು ಕೈಯಿಂದ ತಿದ್ದುತ್ತಿದ್ದ. ಇಲ್ಲಿ ತಿದ್ದಿದರೆ ಅಲ್ಲಿ ಕೆಡುತ್ತಿತ್ತು. ನಾಲ್ಕನೇ ಹಂಗಾಮಿಗೆ ತಲೆ ಚಿಟ್ಟು ಹಿಡಿದು, ಗಣಪತಿ ಹಬ್ಬದ ರಜೆಯಲ್ಲಿ ಕೂತು ಒಂದು ತಪಾಸಣೆಯ ಬರಹ ಬರೆದ. ಅದಕ್ಕೆ 'ಕೇಳು' ಅಂತ ಹೆಸರಿಟ್ಟ.

'ಕೇಳು' ಯಂತ್ರವನ್ನು ಯಾವ ಕಂಪನಿಯವನಪ್ಪಾ ನೀನು ಅಂತ ಕೇಳುತ್ತಿರಲಿಲ್ಲ. ಎರಡು ಮೂರು ಸಾಲಿನ ಪುಟ್ಟ ಪ್ರೋಗ್ರಾಮನ್ನು ತಾನೇ ಬರೆದು, ಆ ಯಂತ್ರದಲ್ಲಿ ಕಟ್ಟಿ, ಓಡಿಸಿ ನೋಡುತ್ತಿತ್ತು. ಓಡಿದರೆ ಆ ಗುಣ ಉಂಟು, ಓಡದಿದ್ದರೆ ಇಲ್ಲ. ಹಸಿರು ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ, ನಮ್ಮ ಊರ ಮಾತಿನಲ್ಲಿ, ಒಂದೊಂದೇ ಸಾಲು ಬೀಳುತ್ತಿತ್ತು: 'ಗಡಿಯಾರ... ಐತಿ'. 'ಬೀಗ... ಇಲ್ಲ'. 'ಕಾಗದ... ಐತಿ'. ಕೊನೆಗೆ ಉತ್ತರಗಳನ್ನೆಲ್ಲ ಒಟ್ಟುಮಾಡಿ, ಆ ಯಂತ್ರಕ್ಕೆ ಒಪ್ಪುವ ಹಾಗೆ ದೊಡ್ಡ ಪ್ರೋಗ್ರಾಮನ್ನು ತಾನೇ ಹೊಂದಿಸಿ ಕಟ್ಟುತ್ತಿತ್ತು.

ಅದನ್ನು ಮೊದಲು ಓಡಿಸಿದ ದಿನ ಪಾರಿಸ ತಂಗಿ ಮಂಗಲಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಅವಳು ಆಗಷ್ಟೇ ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಮುಗಿಸಿ, ದಿನಗೂಲಿಯ ಮೇಲೆ ಅದೇ ಆಫೀಸಿನಲ್ಲಿ ಅಂಕಿ ತುಂಬುವ ಕೆಲಸಕ್ಕೆ ಸೇರಿದ್ದಳು. ಪರದೆಯ ಮೇಲೆ ಎಲ್ಲಕ್ಕಿಂತ ಮೊದಲು ಬಿದ್ದ ಸಾಲು 'ಖಾಲಿ... ಐತಿ' ಅಂತ.

"ಖಾಲಿ ಅಂದರ ಏನಣ್ಣಾ?"

"ಏನೂ ಇಲ್ಲದ ಪ್ರೋಗ್ರಾಮ. ಅದರಾಗ ಒಂದ ಮಾತೂ ಇಲ್ಲ. ಮದ್ಲ ಯಂತ್ರದ ಮುಂದ ಖಾಲಿ ಕೈಲೆ ಹೋಗಿ ನಿಂದರಬೇಕು. ಅದನ್ನ ಒಪ್ಪಿತಂದರ ಆಮ್ಯಾಲ ಉಳದದ್ದ ಕೇಳೂದು."

"ಮತ್ತ 'ಇಲ್ಲ' ಅಂತ ಬಂದರ?"

"ಇಲ್ಲ ಅಂತ ಅಳಕೋತ ಕುಂದರೂದಲ್ಲ ಬೇ. ಇಲ್ಲದ್ದಕ್ಕ ಒಂದ ಬದಲಿ ನಾವ ಮಾಡಿ ಕೊಡೂದು. ಬೀಗ ಇಲ್ಲಂದರ ನಂದ ಒಂದ ಬೀಗ ಬರದಿಟ್ಟೇನಿ, ಅದನ್ನ ಹಾಕತೈತಿ. ಕೆಲಸ ನಿಂದರಬಾರದು."

ಆ ಹಂಗಾಮಿನಲ್ಲಿ 'ಕೇಳು' ಮೂರು ಅಂಗಳದಲ್ಲೂ ಗೆದ್ದಿತು, ಕಬ್ಬೂರದಲ್ಲಿ ಒಂದೇ ಒಂದು ಸಲ ಸೋತಿತು. ಕಬ್ಬೂರದ ಯಂತ್ರಕ್ಕೂ ಕಾಟಾಕ್ಕೂ ನಡುವೆ ಒಂದು ತಂತಿ ಇತ್ತು, ತೂಕ ಒಳಗೆ ಬರುವುದು ಅದರಿಂದಲೇ. ಡಿಸೆಂಬರಿನಲ್ಲಿ ಪ್ರೋಗ್ರಾಮನ್ನು ಮತ್ತೊಮ್ಮೆ ಕಟ್ಟಬೇಕಾಗಿ ಬಂದಾಗ 'ಕೇಳು' ಆ ತಂತಿಯ ಆಚೆ ಕಾಟಾ ಇದೆಯೋ ಇಲ್ಲವೋ ಅಂತ ಕೇಳಿತು. 'ಕಾಟಾದ ತಂತಿ... ಐತಿ' ಅಂತ ಪರದೆಯ ಮೇಲೆ ಬಂತು. ಅಷ್ಟು ಹೇಳಿದ ಯಂತ್ರ ಅಲ್ಲೇ ಕಲ್ಲಾಗಿ ನಿಂತಿತು. ಯಾವ ಕೀಲಿ ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ಕರೆಂಟು ತೆಗೆದು ಹಾಕಿದರೂ ಏಳಲಿಲ್ಲ. ಹೊರಗೆ ಅರವತ್ತು ಚಕ್ಕಡಿಗಳ ಸಾಲು, ನೊಗ ಇಳಿಸಲೂ ಆಗದೆ ಬಾಯಲ್ಲಿ ನೊರೆ ಸುರಿಸುವ ಎತ್ತುಗಳು, ಬಿಸಿಲಿಗೆ ತೂಕ ಕಳೆದುಕೊಳ್ಳುವ ಕಬ್ಬು. ಚಕ್ಕಡಿ ಹೊಡೆಯುವ ಭರಮು ಬಾರುಕೋಲು ಹಿಡಿದೇ ಒಳಗೆ ನುಗ್ಗಿ, ನಿನ್ನ ಡಬ್ಬಿಯ ಮನಿ ಹಾಳಾಗಲಿ ಅಂತ ಪಾರಿಸನ ಏಳು ತಲೆಮಾರನ್ನೂ ನೆನೆದ. ಬೆಳಗಾವಿಯಿಂದ ರಿಪೇರಿಯವನು ಬಂದು ಯಂತ್ರ ಏಳಲು ಮರುದಿನವಾಯಿತು.

ಪಾರಿಸ ಮನೆಗೆ ಬಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಬೈಗುಳಕ್ಕಲ್ಲ, ಎತ್ತುಗಳ ನೊರೆಗೆ. ಅವನ ಜೀವ ಹಾಗೆ. ಆಮೇಲೆ 'ಕೇಳು'ವಿನಲ್ಲಿ ತಂತಿಯ ಪ್ರಶ್ನೆ ಇದ್ದ ಜಾಗವನ್ನು ಮುಚ್ಚಿ, ಮುಂದೆ ನೋಡುವವರಿಗಾಗಿ ಮೂರು ಸಾಲು ಬರೆದಿಟ್ಟ:

'ಈ ತಂತಿಯನ್ನ ಕೇಳಬ್ಯಾಡ. ಕೇಳಿದರ ಐತಿ ಅಂತ ಹೇಳಿ ಅಲ್ಲೇ ನಿಂತಬಿಡತೈತಿ. ಐತಿ ಅಂತ ತಿಳಕೋ, ಮುಂದ ಹೋಗು.'

ತೊಂಬತ್ತೊಂದರ ಮಳೆಗಾಲದಲ್ಲಿ ಹತ್ತಿರದ ಊರಲ್ಲಿ ದಿಗಂಬರ ಜೈನ ಮುನಿಸಂಘ ನಾಲ್ಕು ತಿಂಗಳು ನೆಲೆಸಿತ್ತು. ಪಾರಿಸ ಮೊದಲು ಭಾನುವಾರ ಹೋಗುತ್ತಿದ್ದ, ಆಮೇಲೆ ದಿನಾ ಹೋಗತೊಡಗಿದ. ದೀಪಾವಳಿ ಕಳೆದ ಮೇಲೆ ಒಂದು ಸಂಜೆ, ಹೊತ್ತು ಮುಳುಗುವ ಮೊದಲಿನ ಊಟ ಮುಗಿಸಿ ಕೈತೊಳೆದವನು, ಅವ್ವಾ, ನಾ ದೀಕ್ಷಾ ತಗೋಬೇಕಂತ ಮಾಡೇನಿ ಅಂದ. ತಾಯಿ ಜಿನಮತಿ ತಾಟು ಕೈಯಲ್ಲಿ ಹಿಡಿದೇ ನಿಂತಳು. ಗಂಡ ತೀರಿ ಹನ್ನೊಂದು ವರ್ಷವಾಗಿತ್ತು. ಜುಗೂಳದ ಆ ಮನೆಗೆ ಗಂಡಸು ಅಂತ ಇದ್ದವನು ಇವನೊಬ್ಬನೇ.

ಮನೆಯವರ ಒಪ್ಪಿಗೆ ಇಲ್ಲದೆ ದೀಕ್ಷೆ ಕೊಡುವುದಿಲ್ಲ. ಸಾವಿರಾರು ಜನರ ಮುಂದೆ, ಮಂಟಪದ ಮೇಲೆ, ತಾಯಿಯನ್ನು ಮೂರು ಸಲ ಕೇಳಿದರು, "ಒಪ್ಪಿಗಿ ಐತೇನ್ರಿ?" ಜಿನಮತಿ ಮೂರು ಸಲವೂ "ಐತ್ರಿ" ಅಂದಳು. ಮೂರನೆಯ ಸಲ ಧ್ವನಿ ಹೊರಗೆ ಬರಲಿಲ್ಲ, ತುಟಿ ಅಲ್ಲಾಡಿದ್ದನ್ನೇ ಒಪ್ಪಿಗೆ ಅಂತ ತಿಳಿದರು. ಪಾರಿಸ ತನ್ನ ತಲೆಗೂದಲನ್ನು ತಾನೇ ಮುಷ್ಟಿ ಮುಷ್ಟಿ ಕಿತ್ತು, ಬಟ್ಟೆ ತೆಗೆದಿಟ್ಟು, ನವಿಲುಗರಿಯ ಪಿಂಛಿ ಹಿಡಿದು ಎದ್ದು ನಿಂತ. ಜನ ಜೈಕಾರ ಹಾಕಿದರು. ಅವನಿಗೆ ಹೊಸ ಹೆಸರು ಬಂತು. ಊರವರೆಲ್ಲ ಅವನನ್ನು ಇನ್ನು ಮಹಾರಾಜರು ಅನ್ನತೊಡಗಿದರು, ಜಿನಮತಿಯೂ ಹಾಗೇ ಅನ್ನಬೇಕಾಯಿತು.

ಕಾರ್ಖಾನೆಯಲ್ಲಿ ಪಾರಿಸನ ಕುರ್ಚಿ ಖಾಲಿಯಾಯಿತು. ಆಫೀಸಿನ ಮೇಲ್ವಿಚಾರಕ ಕಾಕಾಸಾಹೇಬರು ಒಳ್ಳೆಯ ಮನುಷ್ಯರು. 'ಕೇಳು' ಏನು ಮಾತಾಡುತ್ತದೆ ಅಂತ ಬಲ್ಲವರು ಬೇರೆ ಯಾರೂ ಇಲ್ಲ ಅಂತ ಸಮಿತಿಯ ಮುಂದೆ ಹಟ ಹಿಡಿದು, ಮಂಗಲಳನ್ನೇ ಅಲ್ಲಿ ಕೂರಿಸಿದರು. ಮನೆಯಲ್ಲೂ ಹಾಗೇ ಆಯಿತು. ಅಣ್ಣ ಪಗಾರ ತರುತ್ತಿದ್ದ ದಿನ ಅವಳು ಪಗಾರ ತಂದಳು, ಅಣ್ಣ ನೋಡುತ್ತಿದ್ದ ಎರಡೆಕರೆ ಕಬ್ಬನ್ನು ಅವಳು ನೋಡಿದಳು, ಅಣ್ಣ ಕೂರುತ್ತಿದ್ದ ಕಂಬದ ಪಕ್ಕ ಅವಳ ತಾಟು ಬಿತ್ತು. ಮದುವೆಯ ಮಾತು ಎರಡು ಸಲ ಬಂದು ಹೋಯಿತು. ಅವ್ವ ಒಮ್ಮೊಮ್ಮೆ ಮರೆತು ಅವಳನ್ನೇ "ಪಾರೀಸಾ" ಅಂತ ಕೂಗುತ್ತಿದ್ದಳು. ಇಲ್ಲದ್ದಕ್ಕೆ ಒಂದು ಬದಲಿ ಅಂತ ಅಣ್ಣ ಹೇಳಿದ್ದು ಯಂತ್ರದ ಮಾತು ಅಂತ ಮಂಗಲ ತಿಳಿದಿದ್ದಳು. ಆ ಬದಲಿ ತಾನೇ ಅನ್ನುವುದು ಗೊತ್ತಾದಾಗ ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಸಿಟ್ಟು ಮಾಡುವುದು, ಅವನು ಎಲ್ಲೋ ಬಿಸಿಲಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದ.

ಜಿನಮತಿಗೆ ಆಸ್ತಿ ಬೇಡ, ಮೊಮ್ಮಕ್ಕಳು ಬೇಡ, ಒಂದೇ ಒಂದು ಪ್ರಶ್ನೆಗೆ ಉತ್ತರ ಬೇಕಾಗಿತ್ತು. ರೊಟ್ಟಿ ತಟ್ಟುತ್ತ ತಟ್ಟುತ್ತ ಕೈ ನಿಲ್ಲಿಸಿ ಕೇಳುತ್ತಿದ್ದಳು.

"ಮಹಾರಾಜ್ರಿಗೆ ನನ್ನ ನೆನಪ ಐತೋ ಇಲ್ಲೋ?"

ಬಸದಿಯ ಕೆಲಸ ನೋಡುವ ಪಕ್ಕದ ಮನೆಯ ಭೀಮಗೊಂಡ ಶಾಸ್ತ್ರ ಬಲ್ಲವನು. ಮುನಿಗಳಿಗೆ ತಾಯಿ ಇಲ್ಲ ತಂಗಿ ಇಲ್ಲ ಅಂತ ತಿಳಿಸಿ ಹೇಳುತ್ತಿದ್ದ. ಜಿನಮತಿ ಹೂಂ ಅನ್ನುತ್ತಿದ್ದಳು. ಮರುದಿನ ರೊಟ್ಟಿ ತಟ್ಟುವಾಗ ಮತ್ತೆ ಅದೇ ಪ್ರಶ್ನೆ. ಈ ನಡುವೆ ಅವಳ ಕೈಗೆ ನಡುಕ ಹತ್ತಿತು. ಮೊದಲು ಬಲಗೈ, ಆಮೇಲೆ ಎರಡೂ. ಮಿರಜದ ಡಾಕ್ಟರು ಗುಳಿಗೆ ಕೊಟ್ಟು, ಇದು ಹೋಗುವ ನಡುಕವಲ್ಲ, ಇನ್ನು ಹೆಚ್ಚಾಗುವುದೇ ಅಂತ ಮಂಗಲಳನ್ನು ಹೊರಗೆ ಕರೆದು ಹೇಳಿದರು. ಅವಳು ಅದನ್ನು ಅವ್ವನಿಗೆ ಹೇಳಲಿಲ್ಲ.

ತೊಂಬತ್ತೇಳರ ಮೇ ತಿಂಗಳಲ್ಲಿ ಸುದ್ದಿ ಬಂತು. ಮಹಾರಾಜರು ಅಥಣಿ ಕಡೆಯಿಂದ ನಡೆದು ಬರುತ್ತಿದ್ದಾರೆ, ಜುಗೂಳದ ಬಸದಿಯಲ್ಲಿ ನಾಲ್ಕೈದು ದಿನ ಇರುತ್ತಾರೆ. ಜಿನಮತಿ ಆ ದಿನವೇ ಅಟ್ಟದ ಮೇಲಿನ ಪಾತ್ರೆ ಇಳಿಸಿ ಬೆಳಗಿ, ಹೊಸ ಬಟ್ಟೆಯಲ್ಲಿ ಬಾವಿಯ ನೀರು ಸೋಸಿಡಲು ಹತ್ತಿದಳು.

"ಒಂದ ಸಲ. ಒಂದ ತುತ್ತ ನನ್ನ ಕೈಲೆ ಅವರ ಕೈಯಾಗ ಹಾಕಬೇಕ ಮಂಗಲಾ. ಅಷ್ಟ ಸಾಕ ನನಗ. ಅವಾಗ ತಿಳೀತೈತಿ."

ಮುನಿಗಳ ಊಟ ಅಂದರೆ ಅಷ್ಟು ಸುಲಭವಲ್ಲ. ದಿನಕ್ಕೆ ಒಂದೇ ಸಲ, ನಿಂತುಕೊಂಡು, ತಮ್ಮ ಬೊಗಸೆಯಲ್ಲೇ. ನೀರೂ ಆಗಲೇ, ಮತ್ತೆ ಮರುದಿನದವರೆಗೆ ಒಂದು ಹನಿ ಇಲ್ಲ. ಬೆಳಿಗ್ಗೆ ಬಸದಿಯಿಂದ ಹೊರಡುವಾಗ ಮನಸ್ಸಿನಲ್ಲೇ ಒಂದು ಗುಟ್ಟಿನ ನೇಮ ಮಾಡಿಕೊಳ್ಳುತ್ತಾರೆ. ಇಂಥದ್ದನ್ನು ಹಿಡಿದು ನಿಂತವರು ಕಂಡರೆ ಅಲ್ಲಿ ಆಹಾರ, ಕಾಣದಿದ್ದರೆ ಉಪವಾಸ, ಕೂಡಿಬರುವವರೆಗೆ ಮರುದಿನವೂ ಅದೇ ನೇಮ. ನೇಮ ಏನು ಅಂತ ಯಾರಿಗೂ ಹೇಳುವಂತಿಲ್ಲ. ಅದಕ್ಕೇ ಬೀದಿಯ ಪ್ರತಿ ಮನೆಯವರೂ ಮಡಿಯುಟ್ಟು ಬಾಗಿಲ ಮುಂದೆ ಒಂದೊಂದು ವಸ್ತು ಹಿಡಿದು ನಿಲ್ಲುತ್ತಾರೆ, ಒಬ್ಬರು ಕಲಶ, ಒಬ್ಬರು ತೆಂಗಿನಕಾಯಿ, ಒಬ್ಬರು ಮಾವಿನಹಣ್ಣು. ಬರಿಗೈಯಲ್ಲಿ ನಿಲ್ಲುವುದು ಅಗೌರವ.

ಇನ್ನು ಊಟ ಶುರುವಾದ ಮೇಲೆ ಅಡ್ಡಿ ಬಂದರೆ ಅದಕ್ಕೆ ಅಂತರಾಯ ಅನ್ನುತ್ತಾರೆ. ಅನ್ನದಲ್ಲಿ ಕೂದಲು ಬಂತು, ಹುಳ ಬಿತ್ತು, ಅಲ್ಲಿಗೆ ಊಟ ಬಂದ್. ಭೀಮಗೊಂಡ ಬಂದು ಇದನ್ನೆಲ್ಲ ಮತ್ತೊಮ್ಮೆ ಹೇಳಿ, ಕೊನೆಗೆ ಜಿನಮತಿಯ ಕಡೆ ನೋಡಿದ.

"ಕಾಕೂ, ದುಃಖದ ಕಣ್ಣೀರ ಬಂತಂದರ ಅದೂ ಅಂತರಾಯ. ನೀವು ಅತ್ತರಿ ಅಂದರ ಮಹಾರಾಜ್ರು ಆವತ್ತ ಉಪಾಸ ಹೋಗತಾರ. ಅಳೂದಿದ್ದರ ಮದ್ಲ ಅತ್ತಬಿಡ್ರಿ."

"ಅಳಾಂಗಿಲ್ಲಪ್ಪಾ. ಆರ ವರ್ಷದಾಗ ಅದನ್ನ ಮುಗಸೇನಿ."

ಮಂಗಲ ಅವ್ವನ ಮಾತನ್ನು ನಂಬುವವಳಲ್ಲ. ಕೇಳಿ ತಿಳಿಯುವುದಕ್ಕಿಂತ ಮಾಡಿ ನೋಡುವುದು ಅಣ್ಣನಿಂದ ಕಲಿತ ವಿದ್ಯೆ. ದಿನಾ ಬೆಳಿಗ್ಗೆ ಅವ್ವನ ಎದುರು ಬೊಗಸೆಯೊಡ್ಡಿ ನಿಂತು ತಾಲೀಮು ಮಾಡಿಸಿದಳು. ಅವ್ವ ನಡುಗುವ ಕೈಯಿಂದ ಅನ್ನ ಹಾಕಿದಳು, ತುಪ್ಪ ಹಾಕಿದಳು, ನೀರು ಹಾಕಿದಳು. ಅಗುಳು ನೆಲಕ್ಕೆ ಉದುರಿದವು, ಕಣ್ಣಿನಿಂದ ಒಂದು ಹನಿಯೂ ಉದುರಲಿಲ್ಲ. ಮಂಗಲಳಿಗೆ ಸಮಾಧಾನವಾಯಿತು. ಹಿಂದೆಯೇ ಒಂದು ಸಣ್ಣ ನೋವೂ ಆಯಿತು. ನನ್ನ ಕೈಗೆ ಅನ್ನ ಹಾಕುವಾಗ ಅವ್ವನಿಗೆ ಅಳು ಯಾಕೆ ಬಂದೀತು ಅಂದುಕೊಂಡಳು.

ಮಹಾರಾಜರು ಬಂದರು. ಬಸದಿಯ ಮೆಟ್ಟಿಲ ಮೇಲೆ ಅವರನ್ನು ಕಂಡಾಗ ಮಂಗಲಳಿಗೆ ಗುರುತೇ ಹತ್ತಲಿಲ್ಲ. ಎಲುಬಿನ ಹಂದರ, ಸುಟ್ಟ ಚರ್ಮ. ಆಶೀರ್ವಾದಕ್ಕೆ ಪಿಂಛಿ ಎತ್ತಿದ ರೀತಿಯಲ್ಲಿ ಮಾತ್ರ ಹಳೆಯ ಅಣ್ಣ ಇಣುಕಿದ, ಎಡಗಡೆ ತುಸು ವಾಲಿ. ಅವರು ಅವ್ವನನ್ನೂ ತಂಗಿಯನ್ನೂ ಎಲ್ಲರನ್ನು ನೋಡಿದ ಹಾಗೇ ನೋಡಿದರು, ಎಲ್ಲರಿಗೆ ಕೊಟ್ಟಷ್ಟೇ ಆಶೀರ್ವಾದ ಕೊಟ್ಟರು. 

ಮೊದಲ ದಿನ ಭೀಮಗೊಂಡನ ಮನೆಯ ತೆಂಗಿನಕಾಯಿಗೆ ನಿಂತರು. ಗೋಡೆಯಾಚೆಗೇ ಊಟವಾಯಿತು, ಜಿನಮತಿ ತನ್ನ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಎರಡನೆಯ ದಿನ ಬೀದಿಯ ಇಪ್ಪತ್ತಾರು ಮನೆಯ ಮುಂದೂ ಹಾದು, ಎಲ್ಲೂ ನಿಲ್ಲದೆ ಬಸದಿಗೆ ತಿರುಗಿದರು. ನೇಮ ಕೂಡಿಬರಲಿಲ್ಲ. ನಲವತ್ತು ಡಿಗ್ರಿ ಬಿಸಿಲು, ಒಂದು ಹನಿ ನೀರಿಲ್ಲ. ಮೂರನೆಯ ದಿನವೂ ಹಾಗೇ. ಊರಿಗೆ ಊರೇ ಸಂಕಟಪಟ್ಟಿತು. ಜನ ತಮಗೆ ತೋಚಿದ್ದನ್ನೆಲ್ಲ ಹಿಡಿದು ನಿಂತಿದ್ದರು, ಎರಡೆರಡು ಕಲಶ, ಬಾಳೆಗೊನೆ, ಕಬ್ಬಿನ ಜಲ್ಲೆ, ಹತ್ತಿಯ ಕಾಯಿ, ಉರಿಯುವ ದೀಪ. ಒಬ್ಬಾತ ಹೊಸ ಬೀಗ ಹಿಡಿದು ನಿಂತಿದ್ದ, ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮಂಗಲ ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋದಳು. ನಿನ್ನೆ ಏನು ಹಿಡಿದಿದ್ದಿರಿ, ಇವತ್ತು ಏನು ಹಿಡಿದಿದ್ದಿರಿ ಅಂತ ಕೇಳಿ ಬರೆದುಕೊಂಡಳು. ಪ್ರತಿಯೊಂದರ ಮುಂದೂ 'ಇಲ್ಲ' ಅಂತ ಬರೆದಳು. ಎರಡೆರಡು ಸಲ ಬಂದವನ್ನು ಬಿಟ್ಟು ನಲವತ್ತೊಂದು 'ಇಲ್ಲ'ಗಳಾದವು. ಮನೆಗೆ ಬಂದು ಕಂಬಕ್ಕೊರಗಿ ಕೂತು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಳು. ಇನ್ನು ಯಾವ ವಸ್ತು ಉಳಿಯಿತು ಅಂತ ಯೋಚಿಸಿದರೆ ತಲೆ ಓಡಲಿಲ್ಲ. ಆಮೇಲೆ, ಈ ನೇಮ ಮಾಡಿದವನು ಪಾರಿಸ, ಅವನು ಮೊದಲು ಏನು ಕೇಳುತ್ತಿದ್ದ ಅಂತ ಯೋಚಿಸಿದಳು. ಹಸಿರು ಪರದೆಯ ಮೇಲಿನ ಮೊದಲ ಸಾಲು ನೆನಪಿಗೆ ಬಂತು.

ಇಪ್ಪತ್ತಾರು ಮನೆಯವರಲ್ಲಿ ಯಾರೂ ಬರಿಗೈಯಲ್ಲಿ ನಿಂತಿರಲಿಲ್ಲ.

"ಅವ್ವಾ, ನಾಳೆ ನೀ ಒಬ್ಬಾಕೀನ ನಿಲ್ಲು. ಕೈಯಾಗ ಏನೂ ಹಿಡೀಬ್ಯಾಡ."

"ಖಾಲಿ ಕೈಲೆ? ಮಂದಿ ಏನಂದಾರು?"

"ಏನರ ಅನ್ಲಿ."

ಭೀಮಗೊಂಡ ಮೂಗು ಮುರಿದ. ಆದರೂ ಮುನಿಗಳ ಎರಡು ದಿನದ ಉಪವಾಸ ಅವನ ಬಾಯಿ ಕಟ್ಟಿಹಾಕಿತ್ತು, ಬೇಡ ಅನ್ನಲಿಲ್ಲ.

ನಾಲ್ಕನೆಯ ದಿನ ಹತ್ತರ ಹೊತ್ತಿಗೆ ಮಹಾರಾಜರು ಬೀದಿಗೆ ಬಂದರು. ಬಲಗೈ ಬೆರಳುಗಳನ್ನು ಹೆಗಲಿಗೆ ಮುಟ್ಟಿಸಿಕೊಂಡು, ಕಣ್ಣು ನೆಲಕ್ಕಿಟ್ಟು, ನಿಧಾನ. ಕಲಶ ದಾಟಿದರು, ದೀಪ ದಾಟಿದರು, ಬಾಳೆಗೊನೆ ದಾಟಿದರು. ಜಿನಮತಿ ಹೊಸ್ತಿಲ ಮುಂದೆ ಬಿಳಿಯ ಮಡಿಸೀರೆಯಲ್ಲಿ ನಿಂತಿದ್ದಳು. ಎರಡೂ ಕೈ ತಮ್ಮಷ್ಟಕ್ಕೆ ನಡುಗುತ್ತಿದ್ದವು. "ಹೇ ಸ್ವಾಮಿ ನಮೋಸ್ತು, ಅತ್ರ ತಿಷ್ಠ ತಿಷ್ಠ" ಅಂದಳು. ಮುನಿಗಳು ನಿಂತರು.

ಮಂಗಲ ಗೆದ್ದೆ ಅಂದುಕೊಂಡಳು. ಇದನ್ನು ಅವಳು ಆಮೇಲೆ ಎಷ್ಟೋ ಸಲ ನೆನೆದು ನಾಚಿದ್ದಾಳೆ, ಆ ಹೊತ್ತಿನಲ್ಲಿ ಅವಳ ಮನಸ್ಸಿಗೆ ಮೊದಲು ಬಂದದ್ದು ಅದೇ.

ಮೂರು ಪ್ರದಕ್ಷಿಣೆಯಾಯಿತು. ಒಳಗೆ ಕರೆದು, ಮಣೆಯ ಮೇಲೆ ಕೂರಿಸಿ, ಪಾದ ತೊಳೆದರು. ಅವ್ವ ಮಗಳು ಕೂಡಿ ಹೇಳಿದರು: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ. ಒಂದೊಂದನ್ನು ಹೇಳುವಾಗಲೂ ಮಂಗಲ ಮನಸ್ಸಿನಲ್ಲಿ ಐತಿ, ಐತಿ ಅಂತ ಗುರುತು ಹಾಕಿದಳು. ನೀರು ಮೂರು ಸಲ ಸೋಸಿದ್ದು. ಅಕ್ಕಿ ಕಾಳುಕಾಳಾಗಿ ಆರಿಸಿದ್ದು. ಕೂದಲು ಬೀಳದಂತೆ ತಲೆಗೆ ಬಟ್ಟೆ. ಮಹಾರಾಜರು ಸಕ್ಕರೆ ಬಿಟ್ಟವರು ಅಂತ ಸಕ್ಕರೆಯ ಡಬ್ಬಿಯನ್ನೇ ಹಿತ್ತಿಲಿಗೆ ಸಾಗಿಸಿದ್ದಳು. ಅವ್ವನ ಕಣ್ಣು ನೋಡಿದಳು, ಒಣಗಿದ ಬಾವಿಯ ಹಾಗಿತ್ತು. ಅದೂ ಸರಿ. ಭೀಮಗೊಂಡ ಬಾಗಿಲ ಬಳಿ ಕೈಮುಗಿದು ನಿಂತಿದ್ದ.

ಮುನಿಗಳು ಎದ್ದು ನಿಂತು ಬೊಗಸೆಯೊಡ್ಡಿದರು. ಎರಡು ದಿನ ನೀರು ಕಾಣದ ತುಟಿ ಒಡೆದು ಬಿರುಕು ಬಿಟ್ಟಿತ್ತು. ಮೊದಲು ನೀರು ಕೊಡೋಣ ಅಂತ ಮಂಗಲ ಚೊಂಬಿಗೆ ಕೈಹಾಕುವಷ್ಟರಲ್ಲಿ ಅವ್ವ ಅನ್ನದ ತುತ್ತು ಎತ್ತಿಬಿಟ್ಟಿದ್ದಳು. ತಡೆಯುವ ಮನಸ್ಸಾಗಲಿಲ್ಲ.

ತುತ್ತು ಬೊಗಸೆಯ ಮೇಲೆ ಬಂದು ನಿಂತಿತು, ಬೀಳಲಿಲ್ಲ. ಅವ್ವನ ಕೈ ಆ ಕಡೆ ಈ ಕಡೆ ಅಲ್ಲಾಡುತ್ತಿತ್ತು, ಎರಡು ಅಗುಳು ಹೊರಗೆ ಉದುರಿದವು. ಈ ನಡುಕ ಮಗ ಹೋದ ಮೇಲೆ ಬಂದದ್ದು, ಹತ್ತಿರದಿಂದ ಅವನು ನೋಡಿದ್ದು ಇದೇ ಮೊದಲು. ಮುನಿಗಳು ಬೊಗಸೆಯನ್ನು ಮೆಲ್ಲಗೆ ಮೇಲೆತ್ತಿ, ಅವ್ವನ ಕೈಯ ಕೆಳಗೆ ಹಿಡಿದರು. ಕೈ ಎತ್ತ ವಾಲಿದರೆ ಬೊಗಸೆಯೂ ಅತ್ತ ವಾಲಿತು. ಅವರ ಕಣ್ಣು ಅವ್ವನ ಮುಖ ನೋಡಲಿಲ್ಲ, ಆ ಕೈಯನ್ನೇ ನೋಡಿತು. ತುತ್ತು ಬಿತ್ತು.

ಅದರ ಮೇಲೆ ಒಂದು ಹನಿ ಬಿತ್ತು.

ಬೆವರು ಅಂದುಕೊಂಡಳು ಮಂಗಲ. ಅವ್ವನ ಕಣ್ಣು ನೋಡಿದಳು, ಒಣಗಿತ್ತು. ಆಮೇಲೆ ಮೇಲೆ ನೋಡಿದಳು. ಎರಡನೆಯ ಹನಿ ಮುನಿಗಳ ಕೆನ್ನೆಯ ಮೂಳೆಯ ಮೇಲೆ ನಿಂತಿತ್ತು. ಯಾರ ಕಣ್ಣೀರಾದರೂ ಆಗಬಹುದು ಅಂತ ಆ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ, ಅವರೆಲ್ಲ ಅವ್ವನ ಕಣ್ಣನ್ನೇ ಕಾದಿದ್ದರು.

ಮುನಿಗಳು ಬೊಗಸೆ ಬಿಡಿಸಿದರು. ಅನ್ನ ಕೆಳಗಿನ ಪಾತ್ರೆಗೆ ಜಾರಿತು. ಬಾಗಿಲಲ್ಲಿದ್ದ ಭೀಮಗೊಂಡ ಕೇಳಿಸದಷ್ಟು ಮೆಲ್ಲಗೆ "ಅಂತರಾಯ" ಅಂದ. ಮಹಾರಾಜರು ಕೂತು ಕೈ ತೊಳೆದುಕೊಂಡರು, ಪಿಂಛಿ ತೆಗೆದುಕೊಂಡರು, ಎಲ್ಲರನ್ನು ಹರಸುವ ಹಾಗೆ ಒಮ್ಮೆ ಹರಸಿ ಬಿಸಿಲಿಗೆ ಇಳಿದರು.  ಹಿಂದೆ ತಿರುಗಲಿಲ್ಲ. ತುಂಬಿದ ಚೊಂಬು ಮಂಗಲಳ ಕೈಯಲ್ಲೇ ಉಳಿಯಿತು.

ಬೀದಿಯ ಜನ ಬಾಗಿಲ ಮುಂದಿನಿಂದ ಸರಿದುಹೋಗುವವರೆಗೆ ಜಿನಮತಿ ನಿಂತ ಜಾಗ ಬಿಟ್ಟು ಕದಲಲಿಲ್ಲ. ಆಮೇಲೆ ಕೂತು, ನೆಲದ ಮೇಲೆ ಉದುರಿದ್ದ ಅಗುಳುಗಳನ್ನು ಒಂದೊಂದಾಗಿ ಆರಿಸತೊಡಗಿದಳು. ನಡುಗುವ ಬೆರಳಿಗೆ ಅಗುಳು ಸಿಗುತ್ತಿರಲಿಲ್ಲ.

"ಅಂವಗ ಐತಿ ಬೇ ಮಂಗಲಾ," ಅಂದಳು. ಆರು ವರ್ಷದಿಂದ ಮಹಾರಾಜ್ರು ಅನ್ನುತ್ತಿದ್ದ ಬಾಯಲ್ಲಿ ಅಂವ ಅಂತ ಬಂದದ್ದು ಅವಳಿಗೆ ತಿಳಿಯಲಿಲ್ಲ. "ನನಗ ಗೊತ್ತಿತ್ತು. ಹಡದಾಕಿಗೆ ಗೊತ್ತಿರೂದಿಲ್ಲೇನ? ಐತಿ ಅಂತ ತಿಳಕೊಂಡ ಸುಮ್ಮನ ಇದ್ದಿದ್ದರ ಆಗತಿತ್ತು. ಇವತ್ತ ಅಂವ ಯಾರದರ ಮನ್ಯಾಗ ಉಂಡ ಹೋಗತಿದ್ದ."

ಮಂಗಲ ಚೊಂಬನ್ನು ಕೆಳಗಿಟ್ಟಳು. ಕಬ್ಬೂರದ ತಗಡಿನ ಖೋಲಿ, ಕಲ್ಲಾದ ಯಂತ್ರ, ನೊರೆ ಸುರಿಸುವ ಎತ್ತುಗಳು ಒಮ್ಮೆಗೇ ಕಣ್ಣ ಮುಂದೆ ಬಂದವು. ಅವ್ವ 'ಕೇಳು'ವಿನ ಒಂದು ಸಾಲನ್ನೂ ಓದಿದವಳಲ್ಲ. ಓದಿದವಳು ತಾನು. ನಲವತ್ತೊಂದು 'ಇಲ್ಲ' ಬರೆದು, ಗುಟ್ಟು ಒಡೆದು, ಅವರನ್ನು ಈ ಬಾಗಿಲಿಗೆ ತಂದು ನಿಲ್ಲಿಸಿದವಳು ತಾನು. ಆ ಮೂರು ಸಾಲು ನೆನಪಾಗಬೇಕಾದ ಹೊತ್ತಿನಲ್ಲಿ ನೆನಪಾಗಲಿಲ್ಲ.

ಮಹಾರಾಜರು ಮರುದಿನದ ಊಟಕ್ಕೂ ಆ ಊರಲ್ಲಿ ನಿಲ್ಲಲಿಲ್ಲ. ಅದೇ ದಿನ ಬಿಸಿಲು ಇಳಿಯುವ ಮೊದಲೇ, ಮೂರು ದಿನದ ಒಣ ಹೊಟ್ಟೆಯಲ್ಲಿ, ಕಾಗವಾಡದ ದಾರಿ ಹಿಡಿದು ನಡೆದರು. ಜ್ವರ ಬಂದು ದಾರಿಯಲ್ಲಿ ಒಂದು ವಾರ ಮಲಗಿದ್ದರು ಅಂತ ಭೀಮಗೊಂಡನಿಗೆ ಸುದ್ದಿ ಬಂತು. ಅವನು ಅದನ್ನು ಮಂಗಲಳಿಗೆ ಹೇಳಿದ, ಮಂಗಲ ಅವ್ವನಿಗೆ ಹೇಳಲಿಲ್ಲ. ಜಿನಮತಿ ಆ ದಿನದಿಂದ ಬೆಳಿಗ್ಗೆ ಹತ್ತು ಗಂಟೆ ದಾಟುವವರೆಗೆ ನೀರು ಮುಟ್ಟುವುದು ಬಿಟ್ಟಳು. ಎಲ್ಲೋ ಒಂದು ಊರಲ್ಲಿ ಅವನ ಊಟವಾಗಿರುತ್ತದೆ, ಈಗ ಕುಡಿಯಬಹುದು ಅನ್ನುತ್ತಿದ್ದಳು. ನೆನಪು ಐತೋ ಇಲ್ಲೋ ಅನ್ನುವ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಭಾದ್ರಪದದಲ್ಲಿ, ಪರ್ಯೂಷಣ ಪರ್ವದ ಐದನೆಯ ದಿನ, ಮಂಗಲ ಕೊಟ್ಟ ನೀರಿನ ಲೋಟ ಬಾಯಿಗೆ ಮುಟ್ಟುವ ಮೊದಲೇ ತೀರಿಕೊಂಡಳು. ಮುನಿಗಳಿಗೆ ಹೇಳಿ ಕಳಿಸುವ ಪದ್ಧತಿಯಿಲ್ಲ. ಹೇಳಿ ಕಳಿಸಲಿಲ್ಲ.

ಅಕ್ಟೋಬರಿನಲ್ಲಿ ಖರೀದಿ ಸಮಿತಿ ಕಬ್ಬೂರಕ್ಕೆ ಹೊಸ ಯಂತ್ರ ಕೊಂಡಿತು. ಮಂಗಲ ಫ್ಲಾಪಿ ಹಿಡಿದು ಬಸ್ಸಿನಲ್ಲಿ ಹೋಗಿ ತಗಡಿನ ಖೋಲಿಯಲ್ಲಿ ಕೂತಳು. ಜೊತೆಗೆ ಬಂದಿದ್ದ ಕಾಕಾಸಾಹೇಬರು ಕನ್ನಡಕ ಏರಿಸಿ, ಅವಳ ಹೆಗಲ ಮೇಲಿಂದ 'ಕೇಳು'ವಿನ ಸಾಲುಗಳನ್ನು ಓದಿದರು.

"ಇದ ಹೊಸಾ ಯಂತ್ರ ಅಲ್ಲೇನವಾ? ತಂತಿ ಕೇಳಿದರ ಇದು ನಿಲ್ಲಾಂಗಿಲ್ಲ. ಆ ಮೂರ ಸಾಲ ತಗದ ಹಾಕು."

"ಇರಲಿ ಬಿಡ್ರಿ ಸಾಹೇಬ್ರ."

ಕಾಕಾಸಾಹೇಬರು ಅವಳ ಮುಖ ನೋಡಿ, ಚಹಾ ಕಳಿಸುತ್ತೇನೆ ಅಂತ ಹೊರಗೆ ಹೋದರು. ಮಂಗಲ 'ಕೇಳು'ವನ್ನು ಓಡಿಸಿದಳು. ಪರದೆಯ ಮೇಲೆ ಸಾಲುಗಳು ಬೀಳತೊಡಗಿದವು. ಖಾಲಿ... ಐತಿ. ಗಡಿಯಾರ... ಐತಿ. ಬೀಗ... ಐತಿ. ಕಾಟಾದ ತಂತಿಯ ಸರದಿ ಬಂದಾಗ ಅದು ಏನನ್ನೂ ಕೇಳದೆ, ಐತಿ ಅಂತ ಬರೆದು ಮುಂದೆ ಹೋಯಿತು. ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಲ್ಲಿ ಅತ್ತರೆ ಯಾರ ಊಟವೂ ನಿಲ್ಲುತ್ತಿರಲಿಲ್ಲ.